ಬಾರದ ಮಕ್ಕಳ ಪಟ್ಟಿ ಪಂಚಾಯತಿ ಸಭೆಗೆ ಬರಲಿ: ಗ್ರಾಮ ಪಂಚಾಯತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಗ್ರಾಮ ಪಂಚಾಯತಿಗಳ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒಗಳಿಗೆ); ಈಗ ಇರುವವರಿಗೂ, ಮುಂದೆ ಆಯ್ಕೆಯಾಗಿ ಬರುವವರಿಗೂ,

ನಮಸ್ಕಾರ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೆಲಸ ಮಾಡಿದ್ದು ಹೆಚ್ಚಾಗಿ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ. ಶಾಲೆಯಲ್ಲಿ ಹೆಸರಿದ್ದೂ ಬಾರದ ಮಕ್ಕಳ ಬಗ್ಗೆ, ಬರುತ್ತಿದ್ದವರನ್ನು ಶಾಲೆಯೇ ಹೊರಗೆ ಹಾಕಿದ ಮಕ್ಕಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಶಿಕ್ಷಣ ಇಲಾಖೆಗೆ ಬರೆಯಬೇಕು, ನಮಗೇಕೆ ಅಂತ ನಿಮಗೆ ಅನ್ನಿಸಬಹುದು. ಬಹಳ ವರ್ಷ ನಾವು ಶಿಕ್ಷಕರೂ ಹಾಗೇ ಅಂದುಕೊಂಡಿದ್ದೆವು. ಮಗು ಶಾಲೆಗೆ ಬರುವುದು, ಬಿಡುವುದು ಶಾಲೆಯವರ ಚಿಂತೆ. ರಸ್ತೆ, ಚರಂಡಿ, ನೀರು, ಬೀದಿ ದೀಪ ಪಂಚಾಯತಿಯ ಚಿಂತೆ ಅಂತ.

ಕಾನೂನು ಹಾಗೆ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 9ನೇ ಸೆಕ್ಷನ್ ಪೂರ್ತಿ ಸ್ಥಳೀಯ ಪ್ರಾಧಿಕಾರದ ಹೊಣೆಯ ಬಗ್ಗೆ. ಸ್ಥಳೀಯ ಪ್ರಾಧಿಕಾರ ಯಾವುದು ಅಂದರೆ ಊರಲ್ಲಿ ಪಂಚಾಯತಿ, ಪಟ್ಟಣದಲ್ಲಿ ಪುರಸಭೆ, ನಗರಸಭೆ. ನಿಮ್ಮ ವ್ಯಾಪ್ತಿಯಲ್ಲಿ ವಾಸವಿರುವ 14 ವರ್ಷದವರೆಗಿನ ಪ್ರತಿ ಮಗುವಿನ ದಾಖಲೆ ಇಡಬೇಕು. ಪ್ರತಿ ಮಗು ಶಾಲೆಗೆ ಸೇರುವಂತೆ, ದಿನಾ ಬರುವಂತೆ, 8ನೇ ತರಗತಿ ಮುಗಿಸುವಂತೆ ನೋಡಿಕೊಳ್ಳಬೇಕು. ವಲಸೆ ಬಂದ ಕುಟುಂಬದ ಮಕ್ಕಳನ್ನೂ ಸೇರಿಸಬೇಕು. ಅದಕ್ಕೂ ಮುಂಚೆ, 1993ರ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ ಅನುಸೂಚಿಯಲ್ಲೇ ಪ್ರಾಥಮಿಕ ಶಾಲೆಗಳಲ್ಲಿ ಪೂರ್ಣ ದಾಖಲಾತಿ ಮತ್ತು ಹಾಜರಾತಿ ಗ್ರಾಮ ಪಂಚಾಯತಿಯ ಕೆಲಸ ಅಂತ ಬರೆದಿದೆ.

ಆದರೆ ನಾನು ಈ ಪತ್ರ ಬರೆಯಲು ಕಾನೂನೊಂದೇ ಕಾರಣವಲ್ಲ. ಮಕ್ಕಳು ಯಾಕೆ ಬರುವುದಿಲ್ಲ ಅಂತ ಮನೆ ಮನೆಗೆ ಹೋಗಿ ಕೇಳಿದವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಆ ಕಾರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಯ ಕೈಯಲ್ಲಿ ಇರುವುದೇ ಇಲ್ಲ. ಅವು ನಿಮ್ಮ ಕೈಯಲ್ಲಿವೆ.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ಎಷ್ಟೋ ಊರಲ್ಲಿ ನಲ್ಲಿಗೆ ನೀರು ಬಿಡುವುದು ಬೆಳಿಗ್ಗೆ ಒಂಬತ್ತೂವರೆ, ಹತ್ತಕ್ಕೆ. ಅಪ್ಪ ಅಮ್ಮ ಅಷ್ಟೊತ್ತಿಗೆ ಕೂಲಿಗೆ ಹೋಗಿರುತ್ತಾರೆ. ಕೊಡ ತುಂಬಿಸಲು ಮನೆಯಲ್ಲಿ ಉಳಿಯುವುದು ಯಾರು? ಆರನೇ, ಏಳನೇ ತರಗತಿಯ ಹುಡುಗಿ. ನೀರು ಬಂದು, ತುಂಬಿಸಿ ಮುಗಿಯುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತದೆ, ಮೊದಲ ಪಿರಿಯಡ್ ಕೂಡ ಮುಗಿದಿರುತ್ತದೆ. ತಡವಾಗಿ ಹೋದರೆ ಬೈಗುಳ. ಬೈಸಿಕೊಳ್ಳುವ ಬದಲು ಇವತ್ತು ಬೇಡ ಅಂತ ಉಳಿದುಬಿಡುತ್ತಾಳೆ. ವಾರಕ್ಕೆ ಎರಡು ದಿನ ಹೀಗಾದರೆ ಗಣಿತ ತಪ್ಪುತ್ತದೆ. ಗಣಿತ ತಪ್ಪಿದ ಮೇಲೆ ತರಗತಿಯಲ್ಲಿ ಕೂತರೂ ಏನೂ ತಿಳಿಯುವುದಿಲ್ಲ. ಆಮೇಲೆ ಶಾಲೆ ಅಂದರೆ ಅವಮಾನ. ಇಷ್ಟಕ್ಕೂ ಬೇಕಾಗಿದ್ದು ಏನು? ವಾಟರ್‌ಮನ್‌ಗೆ ಹೇಳಿ ಆ ಕೇರಿಗೆ ಬೆಳಿಗ್ಗೆ ಆರೂವರೆಗೆ ನೀರು ಬಿಡಿಸುವುದು. ಅದನ್ನು ಮುಖ್ಯ ಶಿಕ್ಷಕರು ಮಾಡಲು ಆಗುವುದಿಲ್ಲ. ತಾಲ್ಲೂಕಿನ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಮಾಡಲು ಆಗುವುದಿಲ್ಲ. ನೀವು ಒಂದು ಮಾತಲ್ಲಿ ಮಾಡಬಹುದು.

ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಉಳಿಯುವ ಅಕ್ಕಂದಿರ ಕಥೆಯೂ ಹೀಗೇ. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಕೊಯ್ಯುವ ಕಾಲ ಬಂತು ಅಂದರೆ ನನ್ನ ತರಗತಿಯ ಹುಡುಗಿಯರ ಸಾಲು ಖಾಲಿಯಾಗುತ್ತಿತ್ತು. ಕೆಲವರು ತಾವೇ ಹೊಲಕ್ಕೆ ಹೋಗುತ್ತಿದ್ದರು, ಉಳಿದವರು ಮನೆಯಲ್ಲಿ ಕೂಸು ಎತ್ತಿಕೊಂಡಿರುತ್ತಿದ್ದರು. ಕೆಲವರು ಕಂಕುಳಲ್ಲಿ ಕೂಸು ಹೊತ್ತುಕೊಂಡೇ ಶಾಲೆಗೆ ಬರುತ್ತಿದ್ದರು. ಒಂದೆರಡು ದಿನ ಕೂರಿಸಿಕೊಳ್ಳುತ್ತಿದ್ದೆವು, ಕೂಸು ಅತ್ತರೆ ಇಬ್ಬರೂ ಮನೆಗೆ. 2023ರಲ್ಲಿ ಸರ್ಕಾರ ಪಂಚಾಯತಿಗಳಲ್ಲಿ ಕೂಸಿನ ಮನೆ ಶುರು ಮಾಡಿತು. ಕೂಲಿಗೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗೆ ಹಗಲು ನೋಡಿಕೊಳ್ಳುವ ಜಾಗ ಅದು. ಅದು ಅಮ್ಮನಿಗೆ ಎಷ್ಟು ಅನುಕೂಲವೋ ಶಾಲೆಗೆ ಹೋಗುವ ಅಕ್ಕನಿಗೂ ಅಷ್ಟೇ ಅನುಕೂಲ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನಿಮ್ಮ ಕೂಸಿನ ಮನೆ ಎಲ್ಲಿದೆ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ, ತಾಂಡಾದಿಂದ ಅಷ್ಟು ದೂರಕ್ಕೆ ಕೂಸನ್ನು ತಂದು ಬಿಡಲು ಆಗುತ್ತದೆಯೇ ಅಂತ ದಯವಿಟ್ಟು ಒಮ್ಮೆ ನೋಡಿ. ಕೂಲಿಯವರು ಏಳಕ್ಕೆ ಟಂಟಂ ಹತ್ತಿದರೆ ಹತ್ತಕ್ಕೆ ತೆರೆಯುವ ಕೂಸಿನ ಮನೆಯಿಂದ ಆ ಹುಡುಗಿಗೆ ಏನೂ ಉಪಯೋಗವಿಲ್ಲ.

ಈಗ ಹಾಜರಾತಿ ಲೆಕ್ಕದ ಬಗ್ಗೆ ಹೇಳಬೇಕು. ಪಂಚಾಯತಿಯ ಕೆಡಿಪಿ ಸಭೆಗೆ, ಅಂದರೆ ಎಲ್ಲ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆಗೆ, ಮುಖ್ಯ ಶಿಕ್ಷಕರು ಬಂದು ವರದಿ ಓದುತ್ತಾರೆ. ದಾಖಲಾತಿ ಇಷ್ಟು, ಹಾಜರಾತಿ ಶೇಕಡಾ ಇಷ್ಟು, ಬಿಸಿಯೂಟ ನಡೀತಿದೆ, ಶಾಲೆಗೆ ಕಾಂಪೌಂಡ್ ಬೇಕು. ನೀವು ಕಾಂಪೌಂಡ್ ಬಗ್ಗೆ ಮಾತಾಡುತ್ತೀರಿ, ಹಾಜರಾತಿ ಅಲ್ಲಿಗೆ ಮುಗಿಯಿತು. ಆ ಶೇಕಡಾವಾರು ಲೆಕ್ಕ ಮಗುವನ್ನು ಮುಚ್ಚಿಡುತ್ತದೆ. 100 ಮಕ್ಕಳ ಶಾಲೆಗೆ ದಿನಾ 90 ಮಕ್ಕಳು ಬರುತ್ತಾರೆ ಅಂದುಕೊಳ್ಳಿ. ಶೇ. 90 ಕೇಳಲು ಚೆನ್ನಾಗಿದೆ. ಆ ಬಾರದ 10 ಮಕ್ಕಳು ದಿನಾ ಬೇರೆ ಬೇರೆಯವರಾಗಿದ್ದರೆ ಅದು ಜ್ವರ, ಮದುವೆ, ಹಬ್ಬ. ದಿನಾ ಅವೇ 10 ಮಕ್ಕಳಾದರೆ ಅವರು ಶಾಲೆ ಬಿಟ್ಟಾಯಿತು ಅಂತಲೇ ಲೆಕ್ಕ. ಎರಡಕ್ಕೂ ವರದಿಯಲ್ಲಿ ಬರುವ ಅಂಕಿ ಒಂದೇ. ಹಾಗಾಗಿ ಶೇಕಡಾ ಕೇಳಬೇಡಿ, ಹೆಸರು ಕೇಳಿ.

ಯಾವ ಹೆಸರು? ನಮ್ಮ ರಾಜ್ಯದಲ್ಲಿ ಇದಕ್ಕೆ ನಿಯಮವೇ ಇದೆ. 2013ರಲ್ಲಿ ಪತ್ರಿಕೆಯ ವರದಿಯೊಂದನ್ನು ನೋಡಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನೇ ಕೈಗೆತ್ತಿಕೊಂಡಿತು. ಆ ಪ್ರಕರಣದ ನಂತರ ಬಂದ ವ್ಯಾಖ್ಯೆಯಂತೆ, ಹೇಳದೆ ಕೇಳದೆ ಸತತ 7 ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತಲೇ ನೋಡಬೇಕು. ಈ 7 ದಿನದ ಹಿಂದೆ ಒಳ್ಳೆಯ ಯೋಚನೆ ಇದೆ. ಎರಡನೇ ವಾರದಲ್ಲಿ ಹೋಗಿ ಕರೆದರೆ ಮಗು ಬರುತ್ತದೆ. ಎರಡನೇ ತಿಂಗಳಲ್ಲಿ ಹೋದರೆ ಬಾಗಿಲ ಹಿಂದೆ ಅಡಗಿಕೊಳ್ಳುತ್ತದೆ. ಅಷ್ಟರಲ್ಲಿ ಹುಡುಗನಿಗೆ ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ದಿನಗೂಲಿ ಸಿಕ್ಕಿರುತ್ತದೆ, ಆ ದುಡ್ಡಿಗೆ ಮನೆಯೂ ಒಗ್ಗಿರುತ್ತದೆ.

ಈ ನಿಯಮಕ್ಕೂ ಸಿಗದ ಮಕ್ಕಳಿದ್ದಾರೆ. ವಾರಕ್ಕೊಮ್ಮೆ ಸಂತೆ ದಿನ ತಪ್ಪಿಸುವವರು. ಸಂತೆಯಲ್ಲಿ ಅಪ್ಪನ ಜೊತೆ ತರಕಾರಿ ಮಾರಬೇಕು, ಇಲ್ಲ ಅಮ್ಮ ಸಂತೆಗೆ ಹೋದಾಗ ಮೇಕೆ ನೋಡಬೇಕು. ವಾರಕ್ಕೆ ಒಂದು ದಿನ ತಾನೇ, ಏನು ಮಹಾ ಅನ್ನಿಸುತ್ತದೆ. ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಶಾಲಾ ದಿನ. ವಾರಕ್ಕೊಂದು ತಪ್ಪಿದರೆ ವರ್ಷಕ್ಕೆ ಹತ್ತಿರ ಹತ್ತಿರ 40 ದಿನ ಹೋಯಿತು. ಸತತ 7 ದಿನ ಎಂದೂ ಆಗುವುದಿಲ್ಲ, ಆದ್ದರಿಂದ ಯಾರ ಪಟ್ಟಿಯಲ್ಲೂ ಆ ಹೆಸರು ಬರುವುದಿಲ್ಲ. ನಾನು ಕೇಳುವುದು ಎರಡು ಪಟ್ಟಿ. ಸತತ 7 ದಿನ ಬಾರದವರದ್ದು ಒಂದು. ತಿಂಗಳಲ್ಲಿ 15 ದಿನಕ್ಕಿಂತ ಕಡಿಮೆ ಬಂದವರು, ಇಲ್ಲವೇ ಪ್ರತಿವಾರ ಅದೇ ದಿನ ತಪ್ಪಿಸುವವರದ್ದು ಇನ್ನೊಂದು. ಹೆಸರು, ಯಾವ ವಾರ್ಡು, ಕಾರಣ. ಇಷ್ಟಿದ್ದರೆ ಸಾಕು.

ಆ ಪಟ್ಟಿಯನ್ನು ಸಭೆಯಲ್ಲಿ ಮೈಕಿನಲ್ಲಿ ಓದಬೇಡಿ. ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಉದ್ದೇಶದಿಂದಲೇ ಇಂಥ ಕೆಲಸ ಕೆಡುವುದನ್ನು ನೋಡಿದ್ದೇನೆ. ಪಟ್ಟಿ ಆ ವಾರ್ಡಿನ ಸದಸ್ಯರ ಕೈಗೆ ಹೋಗಲಿ. ಅವರು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಸಂಘದ ಅಕ್ಕನನ್ನೋ ಜೊತೆ ಕರೆದುಕೊಂಡು ಸಂಜೆ ಆ ಮನೆಗೆ ಹೋಗಲಿ. ಕೂತು ಮಾತಾಡಲಿ. ಪೊಲೀಸ್, ರೇಷನ್ ಕಾರ್ಡ್ ರದ್ದು, ದಂಡ ಇಂಥ ಮಾತು ಬೇಡ. ಕೆಲವು ಕಡೆ ಹೀಗೆ ಹೆದರಿಸುವುದು ಉಂಟು. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಆದರೆ ಅವರಿಗೆ ಶಿಕ್ಷೆ ಇಟ್ಟಿಲ್ಲ. ಅದು ಸರಿಯಾದದ್ದೇ. ಹೆದರಿದ ಅಪ್ಪ ಮಗುವನ್ನು ಶಾಲೆಗೆ ಕಳಿಸುವುದಿಲ್ಲ, ಬೇರೆ ಊರಿನ ನೆಂಟರ ಮನೆಗೆ ಕಳಿಸುತ್ತಾನೆ. ಆಮೇಲೆ ಆ ಮಗು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ವಲಸೆಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಯಾದಗಿರಿ, ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಂದ, ಅದರಲ್ಲೂ ತಾಂಡಾಗಳಿಂದ, ದೀಪಾವಳಿ ಆಸುಪಾಸಿನಲ್ಲಿ ಜನ ಗಂಟು ಮೂಟೆ ಕಟ್ಟುತ್ತಾರೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಕಟ್ಟಡ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾಕ್ಕೆ. ತಿರುಗಿ ಬರುವುದು ಯುಗಾದಿ ಹೊತ್ತಿಗೆ. ಶಾಲೆಯ ಲೆಕ್ಕದಲ್ಲಿ ಎರಡನೇ ಅವಧಿ ಪೂರ್ತಿ ಹೋಯಿತು. ಮಗು ಪರೀಕ್ಷೆಗೆ ಬಂದು ಕೂರುತ್ತದೆ, ಪಾಸೂ ಆಗುತ್ತದೆ, ಮುಂದಿನ ಜೂನಿನಲ್ಲಿ ಮೇಲಿನ ತರಗತಿಯಲ್ಲಿ ಹೆಸರಿರುತ್ತದೆ. ಕಾಗದದಲ್ಲಿ ಎಲ್ಲ ಸರಿ. ಮಗುವಿಗೆ ಓದಲು ಬರುವುದಿಲ್ಲ.

ಇದರಲ್ಲಿ ಅಚ್ಚರಿ ಏನೂ ಇಲ್ಲ, ಪ್ರತಿವರ್ಷ ನಡೆಯುವುದೇ. ಯಾವ ಮನೆಯವರು ಹೋಗುತ್ತಾರೆ, ಯಾವ ಮೇಸ್ತ್ರಿ ಮುಂಗಡ ಕೊಟ್ಟಿದ್ದಾನೆ, ಎಲ್ಲಿಗೆ ಹೋಗುತ್ತಾರೆ ಅಂತ ಊರಿಗೆಲ್ಲ ಗೊತ್ತು. ಸದಸ್ಯರಾದ ನಿಮಗಂತೂ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಸೆಪ್ಟೆಂಬರ್‌ನಲ್ಲೇ ಕೂತು ಒಂದು ಲೆಕ್ಕ ತೆಗೆಯಬಹುದಲ್ಲ? ಈ ವರ್ಷ ಯಾವ ಯಾವ ಮಕ್ಕಳು ಹೋಗುವವರು, ಅವರಲ್ಲಿ ಅಜ್ಜ ಅಜ್ಜಿಯ ಹತ್ತಿರ ಉಳಿಯಲು ಸಾಧ್ಯ ಇರುವವರು ಯಾರು, ಉಳಿಸಿಕೊಳ್ಳಲು ಯಾರೂ ಇಲ್ಲದವರು ಯಾರು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಕ್ಕಳಿಗಾಗಿ ಋತುಮಾನದ ಹಾಸ್ಟೆಲ್ ನಡೆಸಲು ಅವಕಾಶ ಇದೆ. ಅದನ್ನು ಕೇಳಬೇಕು, ಹೊತ್ತಿಗೆ ಮುಂಚೆ ಕೇಳಬೇಕು. ಮಕ್ಕಳು ಹೋದ ಮೇಲೆ ಡಿಸೆಂಬರ್‌ನಲ್ಲಿ ಮಂಜೂರಾದ ಹಾಸ್ಟೆಲ್ಲಿನಲ್ಲಿ ಇರುವವರು ಯಾರು? ಪಂಚಾಯತಿಯ ಠರಾವು, ಮಕ್ಕಳ ಹೆಸರಿನ ಜೊತೆ, ಸೆಪ್ಟೆಂಬರ್‌ನಲ್ಲಿ ಬಿಇಒ ಕಚೇರಿ ಮುಟ್ಟಿದರೆ ಅದಕ್ಕೆ ಬೇರೆಯೇ ತೂಕ ಇರುತ್ತದೆ. ಉದ್ಯೋಗ ಖಾತ್ರಿ ಕೆಲಸವೂ ಅಷ್ಟೇ. ಜನ ಊರು ಬಿಡುವ ಮೊದಲೇ ಕೆಲಸ ಶುರುವಾದರೆ, ಕೂಲಿ ತಡವಾಗದೆ ಕೈಗೆ ಬಂದರೆ, ಕೆಲವು ಮನೆಗಳಾದರೂ ನಿಲ್ಲುತ್ತವೆ. ಎಲ್ಲರೂ ನಿಲ್ಲುವುದಿಲ್ಲ, ನನಗೆ ಗೊತ್ತು. ನಾಲ್ಕು ಮನೆ ನಿಂತರೂ ಎಂಟು ಹತ್ತು ಮಕ್ಕಳು ತರಗತಿಯಲ್ಲಿ ಇರುತ್ತಾರೆ.

ಹೋಗುವ ಮಕ್ಕಳು ಸೇರುವ ಊರಿಗೂ ಒಂದು ಪಂಚಾಯತಿ ಇದೆ. ಅವರಿಗೂ ಇದೇ ಪತ್ರ. ಬೆಂಗಳೂರಿನ ಸುತ್ತ ಲೇಬರ್ ಶೆಡ್‌ಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ, ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಮಕ್ಕಳಿದ್ದಾರೆ. ತೋಟಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಅವರು ನಮ್ಮವರಲ್ಲ, ವೋಟರ್ ಲಿಸ್ಟಿನಲ್ಲಿಲ್ಲ ಅಂತ ಬಿಡಬೇಡಿ. ಮಗು ನಿಮ್ಮ ವ್ಯಾಪ್ತಿಯಲ್ಲಿ ವಾಸವಿದ್ದರೆ ಸಾಕು, ಹೊಣೆ ನಿಮ್ಮದು. ಟಿಸಿ ತಂದಿಲ್ಲ, ಜನನ ಪ್ರಮಾಣಪತ್ರ ಇಲ್ಲ, ದಾಖಲಾತಿ ಮುಗಿದಿದೆ ಅಂತ ಶಾಲೆಯವರು ವಾಪಸು ಕಳಿಸುವಂತಿಲ್ಲ. ಈ ಮೂರು ಕಾರಣಕ್ಕೂ ಪ್ರವೇಶ ನಿರಾಕರಿಸಬಾರದು ಅಂತ ಕಾಯ್ದೆಯಲ್ಲೇ ಇದೆ. ಮೇಸ್ತ್ರಿಗೂ ತೋಟದ ರೈಟರಿಗೂ ಇದು ಗೊತ್ತಿರುವುದಿಲ್ಲ. ಅವರಿಗೆ ತಿಳಿಸುವ ಕೆಲಸವನ್ನಾದರೂ ಪಂಚಾಯತಿ ಮಾಡಬಹುದು, ಅಲ್ವಾ?

ಇನ್ನು ಶಾಲೆಯೇ ಹೊರಗೆ ಹಾಕಿದ ಮಕ್ಕಳು. ಇದನ್ನು ಬರೆಯುವಾಗ ಶಿಕ್ಷಕಿಯಾಗಿ ನನಗೆ ನೋವಾಗುತ್ತದೆ. ಆದರೂ ಮುಚ್ಚಿಟ್ಟರೆ ಮಕ್ಕಳಿಗೆ ಅನ್ಯಾಯ. 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ದಾರಿ ಬಿಟ್ಟಿತು. ಹೊರಗೆ ಹಾಕಬಾರದು ಅನ್ನುವುದನ್ನು ಮುಟ್ಟಲಿಲ್ಲ. ಹಾಗಾಗಿ ಈಗ ಯಾರೂ ತೆಗೆದುಹಾಕುತ್ತೇವೆ ಅನ್ನುವುದಿಲ್ಲ. ತಂದೆಯನ್ನು ಕರೆಸಿ, ಇವನಿಗೆ ಈ ಶಾಲೆ ಆಗಿಬರಲ್ಲ, ಟಿಸಿ ತಗೊಂಡು ಬೇರೆ ಕಡೆ ಸೇರಿಸಿ ಅನ್ನುತ್ತಾರೆ. ಓದು ಬಾರದ ತಂದೆ ಹೆಬ್ಬೆಟ್ಟು ಒತ್ತುತ್ತಾನೆ. ಪುಸ್ತಕದಲ್ಲಿ ಅದು ತಂದೆಯ ಕೋರಿಕೆಯ ಮೇರೆಗೆ ಅಂತ ಆಗುತ್ತದೆ. 9ನೇ ತರಗತಿಯಲ್ಲಿ ಇದು ಇನ್ನೂ ಸುಲಭ, ಯಾಕೆಂದರೆ ಅಲ್ಲಿ ಕಾಯ್ದೆಯ ರಕ್ಷಣೆ ಇಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೆಡುತ್ತದೆ ಅನ್ನುವ ಭಯಕ್ಕೆ ಓದಿನಲ್ಲಿ ಹಿಂದಿರುವ ಮಗುವಿಗೆ ಮೊದಲೇ ದಾರಿ ತೋರಿಸುತ್ತಾರೆ. ಖಾಸಗಿ ಶಾಲೆಗಳಲ್ಲಿ ಫೀಸು ಬಾಕಿ ಅಂತ ಮಗುವನ್ನು ತರಗತಿಯ ಹೊರಗೆ ನಿಲ್ಲಿಸುತ್ತಾರೆ, ಬಿಟ್ಟು ಹೋಗುತ್ತೇನೆ ಅಂದರೆ ಟಿಸಿ ಕೊಡುವುದಿಲ್ಲ. ಹೀಗೆ ಟಿಸಿ ಬೇಡದವನಿಗೆ ಟಿಸಿ, ಬೇಕಾದವನಿಗೆ ಇಲ್ಲ.

ಹೊಡೆತಕ್ಕೆ ಹೆದರಿ ಬಿಟ್ಟವರು ಬೇರೆ. ತಲೆ ಬಾಚಿಲ್ಲ, ಯೂನಿಫಾರ್ಮ್ ಇಲ್ಲ, ಮೈ ವಾಸನೆ ಅಂತ ಎಲ್ಲರೆದುರು ಅನ್ನಿಸಿಕೊಂಡು ಬಿಟ್ಟವರು ಬೇರೆ. ಜಾತಿ ಹಿಡಿದು ಆಡಿದ ಮಾತಿಗೆ ಬಿಟ್ಟವರೂ ಇದ್ದಾರೆ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಈ ಮಕ್ಕಳ ಹೆಸರಿನ ಮುಂದೆ ಶಾಲೆ ಬರೆಯುವ ಕಾರಣ ಒಂದೇ: ಕಲಿಕೆಯಲ್ಲಿ ಆಸಕ್ತಿ ಇಲ್ಲ. ಪಟ್ಟಿಯಲ್ಲಿ ಈ ಕಾರಣ ಕಂಡರೆ ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. ಮಗುವನ್ನೇ ಕೇಳಿ.

ಇಂಥ ಸಂದರ್ಭದಲ್ಲಿ ತಂದೆ ತಾಯಿ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಮಕ್ಕಳ ಹಕ್ಕುಗಳ ಆಯೋಗಕ್ಕೆ ನೇರವಾಗಿ ಹೋಗಬೇಕಾಗಿಲ್ಲ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಮಗುವಿನ ಶಿಕ್ಷಣದ ಹಕ್ಕಿನ ಬಗ್ಗೆ ಯಾರೇ ಆದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಎರಡೂ ಕಡೆಯ ಮಾತು ಕೇಳಿ 3 ತಿಂಗಳೊಳಗೆ ತೀರ್ಮಾನ ಹೇಳಬೇಕು. ಅದು ಒಪ್ಪಿಗೆಯಾಗದಿದ್ದರೆ ಆಮೇಲೆ ಆಯೋಗಕ್ಕೆ ಮೇಲ್ಮನವಿ. ಇದು ದೊಡ್ಡ ಅಧಿಕಾರ, ಬಡವರ ಕಾಲಳತೆಯಲ್ಲಿ ಇರುವ ಅಧಿಕಾರ. ಆದರೆ ಊರಿನವರಿಗೆ ಗೊತ್ತಿಲ್ಲ. ನೀವು ಮಾಡಬೇಕಾದದ್ದು ಇಷ್ಟು: ಪಂಚಾಯತಿ ಕಚೇರಿಯಲ್ಲಿ ಮಕ್ಕಳ ಶಿಕ್ಷಣದ ದೂರಿಗೆ ಒಂದು ಬೇರೆ ಪುಸ್ತಕ ಇಡಿ. ಬರೆಯಲು ಬಾರದವರು ಬಂದರೆ ಕಾರ್ಯದರ್ಶಿಯೋ ಬಿಲ್ ಕಲೆಕ್ಟರೋ ಅವರ ಮಾತನ್ನು ಬರೆದುಕೊಂಡು, ಓದಿ ಹೇಳಿ, ಸ್ವೀಕೃತಿ ಕೊಡಲಿ. ಹೀಗೊಂದು ಪುಸ್ತಕ ಇದೆ ಅಂತ ಡಂಗುರ ಹೊಡೆಸಿ. ಟಿಸಿ ಕೊಡುವ ಮುಂಚೆ ಪಂಚಾಯತಿಗೆ ತಿಳಿಸಬೇಕು ಅಂತ ನಿಮ್ಮ ವ್ಯಾಪ್ತಿಯ ಶಾಲೆಗಳ ಜೊತೆ ಮಾತಾಡಿ ಒಂದು ಪದ್ಧತಿ ಮಾಡಿಕೊಳ್ಳಿ. ಒಬ್ಬ ಸದಸ್ಯರು ತಂದೆಯ ಪಕ್ಕ ಕೂತಿದ್ದಾರೆ ಅಂದರೆ ಆ ಮಾತುಕತೆಯ ರೀತಿಯೇ ಬದಲಾಗುತ್ತದೆ.

ಅಂಗವಿಕಲ ಮಕ್ಕಳನ್ನು ಮರೆಯಬೇಡಿ. ಅವರ ಹೆಸರು ಶಾಲೆಯಲ್ಲಿ ಇರುತ್ತದೆ, ಗೃಹಾಧಾರಿತ ಶಿಕ್ಷಣ ಅಂತ ಷರಾ ಇರುತ್ತದೆ. ಆದರೆ ಮನೆಗೆ ಬಂದು ಕಲಿಸುವವರು ಅಪರೂಪಕ್ಕೆ ಬರುತ್ತಾರೆ. ಎಷ್ಟೋ ಮಕ್ಕಳು ಶಾಲೆಗೇ ಬರಬಲ್ಲವರು. ಅಡ್ಡ ಬರುವುದು ಶಾಲೆಯ ಮೂರು ಮೆಟ್ಟಿಲು, ಕೇರಿಯ ತೆರೆದ ಚರಂಡಿ, ಗಾಲಿಕುರ್ಚಿ ಹೋಗದ ಶೌಚಾಲಯ. ಪಂಚಾಯತಿಯ ಸ್ವಂತ ಆದಾಯದಲ್ಲಿ ಶೇ. 5 ಅಂಗವಿಕಲರಿಗೆ ಅಂತ ಮೀಸಲಿದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಿಮ್ಮ ಕಚೇರಿಯಲ್ಲೇ ಇದ್ದಾರೆ, ಆ ಮಕ್ಕಳ ಮನೆಗಳು ಅವರಿಗೆ ಗೊತ್ತು. ಒಂದು ರ‍್ಯಾಂಪ್ ಕಟ್ಟುವ ಮುಂಚೆ ಆ ಮಗುವಿನ ಅಮ್ಮನನ್ನು ಕರೆದು, ಮನೆಯಿಂದ ಶಾಲೆವರೆಗೆ ಅವಳ ಜೊತೆ ಒಮ್ಮೆ ನಡೆದು ನೋಡಿ. ಎಲ್ಲಿ ಏನು ಬೇಕು ಅಂತ ಅವಳೇ ತೋರಿಸುತ್ತಾಳೆ.

ಹೆಣ್ಣುಮಕ್ಕಳ ಮದುವೆಯ ವಿಷಯವನ್ನು ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. 8, 9ನೇ ತರಗತಿಯ ಹುಡುಗಿ ಕಾರಣ ಹೇಳದೆ ಒಂದು ವಾರ ಬಂದಿಲ್ಲ ಅಂದರೆ, ಮೊದಲು ಆ ಮನೆಗೆ ಹೋಗಿ. ಪಿಡಿಒ ಅವರೇ, ನೀವು ಬಾಲ್ಯವಿವಾಹ ನಿಷೇಧಾಧಿಕಾರಿ ಕೂಡ. ಶಾಲೆಯ ಹಾಜರಿ ಪುಸ್ತಕಕ್ಕಿಂತ ಬೇಗ ಎಚ್ಚರಿಸುವ ದಾಖಲೆ ನಿಮಗೆ ಬೇರೆ ಸಿಗುವುದಿಲ್ಲ. ಮದುವೆ ಕಾರ್ಡು ಅಚ್ಚಾದ ಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದಕ್ಕಿಂತ ಆ ವಾರದಲ್ಲೇ ಹೋಗಿ ಕೂತು ಮಾತಾಡುವುದು ಎಷ್ಟೋ ಮೇಲು.

ವಾಪಸು ಬಂದ ಮಗುವಿನ ಬಗ್ಗೆಯೂ ಯೋಚಿಸಬೇಕು. ಮಗುವನ್ನು ಕರೆದುಕೊಂಡು ಬಂದು ತರಗತಿಯಲ್ಲಿ ಕೂರಿಸಿ ಫೋಟೊ ತೆಗೆದರೆ ಕೆಲಸ ಮುಗಿಯಲಿಲ್ಲ. ಮೊದಲ ಎರಡು ವಾರ ಬಹಳ ಕಷ್ಟ. ಪಾಠ ಮುಂದೆ ಹೋಗಿದೆ, ಗೆಳೆಯರು ಬೇರೆಯವರ ಜೊತೆ ಸೇರಿದ್ದಾರೆ. ಕಾಯ್ದೆ ಅಂಥ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಿ ಅನ್ನುತ್ತದೆ. ಚಿಣ್ಣರ ಅಂಗಳದ ಕಾಲದಲ್ಲಿ, ಬೇಸಿಗೆ ಶಿಬಿರಗಳಲ್ಲಿ ಆಟ ಆಡಿಸುತ್ತಾ ಕಲಿಸಿ ಜೂನಿಗೆ ತರಗತಿಗೆ ಸೇರಿಸುತ್ತಿದ್ದೆವು, ಅದು ಫಲ ಕೊಟ್ಟಿತ್ತು. ಈಗ ನಿಮ್ಮ ಕೈಯಲ್ಲಿ ಇನ್ನೂ ಒಳ್ಳೆಯ ಜಾಗ ಇದೆ. ಪಂಚಾಯತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ. ಕೋವಿಡ್ ಸಮಯದಲ್ಲಿ ಶಾಲೆ ಮುಚ್ಚಿದ್ದಾಗ ಓದುವ ಬೆಳಕು ಕಾರ್ಯಕ್ರಮದಲ್ಲಿ ಇದೇ ಗ್ರಂಥಾಲಯಗಳು ಮಕ್ಕಳನ್ನು ಪುಸ್ತಕದ ಹತ್ತಿರ ತಂದವು. ಸಂಜೆ ಒಂದೂವರೆ ಗಂಟೆ, ಊರಿನ ಓದಿದ ಹುಡುಗಿಯೊಬ್ಬಳಿಗೆ ಸಣ್ಣ ಗೌರವಧನ, ಹಿಂದುಳಿದ ಏಳೆಂಟು ಮಕ್ಕಳು. ಇಷ್ಟು ಖರ್ಚು ಪಂಚಾಯತಿಗೆ ಭಾರವಾಗಲಾರದು.

ಮಕ್ಕಳ ಗ್ರಾಮ ಸಭೆಯ ಬಗ್ಗೆ ನನಗೆ ಹೆಮ್ಮೆ ಇದೆ. ಮಕ್ಕಳು ಪಂಚಾಯತಿಯನ್ನು ಎದುರು ಕೂತು ಪ್ರಶ್ನೆ ಕೇಳುವ ಪದ್ಧತಿ ನಮ್ಮ ರಾಜ್ಯದಲ್ಲಿ ಬಹಳ ವರ್ಷಗಳಿಂದ ಇದೆ. ಆದರೆ ಅಲ್ಲಿ ಬರುವವರು ಯಾರು? ಶಾಲೆಯಿಂದ ಸಾಲಾಗಿ ಕರೆತಂದ, ಚೆನ್ನಾಗಿ ಮಾತಾಡಬಲ್ಲ ಮಕ್ಕಳು. ಬಾರದ ಮಕ್ಕಳು ಅಲ್ಲೂ ಬಾರದವರೇ. ಈ ಸಲ ಒಂದು ಸಭೆಯನ್ನಾದರೂ ತಾಂಡಾದಲ್ಲಿ, ದನ ಮೇಕೆ ಮನೆಗೆ ಬಂದ ಮೇಲೆ, ಸಂಜೆ ಹೊತ್ತಿಗೆ ಇಟ್ಟುಕೊಳ್ಳಿ. ವೇದಿಕೆ, ಹಾರ, ಶಾಲು ಬೇಡ. ಹೋದ ವರ್ಷ ಮಕ್ಕಳು ಕೇಳಿದ್ದರಲ್ಲಿ ಏನು ಮಾಡಿದ್ದೇವೆ, ಏನು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಮೊದಲು ನೀವು ಹೇಳಿ. ಆಮೇಲೆ ಅವರು ಮಾತಾಡಲಿ.

ನಿಮ್ಮ ಕಷ್ಟವೂ ನನಗೆ ಗೊತ್ತು. ಪಿಡಿಒ ಒಬ್ಬರ ತಲೆ ಮೇಲೆ ಎಷ್ಟು ಇಲಾಖೆಯ ಕೆಲಸ ಇದೆ ಅಂತ ನೋಡಿದ್ದೇನೆ. ಮಾಸ್ತರು ನಮ್ಮ ಮಾತು ಕೇಳುವುದಿಲ್ಲ, ಅವರು ಬೇರೆ ಇಲಾಖೆ ಅಂತ ಸದಸ್ಯರು ಹೇಳುವುದೂ ಸುಳ್ಳಲ್ಲ. ಇಲ್ಲಿ ರಾಜ್ಯ ಸರ್ಕಾರದ ಎರಡು ಇಲಾಖೆಗಳಿಗೂ ನನ್ನ ಕೋರಿಕೆ ಇದೆ. ಪ್ರತಿ ಮಗುವಿನ ವಿವರ ಎಸ್‌ಎಟಿಎಸ್ ಎಂಬ, ವಿದ್ಯಾರ್ಥಿಗಳ ದಾಖಲೆ ಇಡುವ ತಂತ್ರಾಂಶದಲ್ಲಿ ಇದೆ. ಶಿಕ್ಷಣ ಇಲಾಖೆ ಅದನ್ನು ನೋಡುತ್ತದೆ, ಹೊಣೆ ಹೊತ್ತ ಪಂಚಾಯತಿಗೆ ಅದು ಕಾಣುವುದಿಲ್ಲ. ಪ್ರತಿ ತಿಂಗಳು ಪಂಚಾಯತಿವಾರು, ವಾರ್ಡುವಾರು ಬಾರದ ಮಕ್ಕಳ ಪಟ್ಟಿ ಪಿಡಿಒ ಲಾಗಿನ್‌ಗೆ ತಾನಾಗಿ ಬರುವಂತೆ ಮಾಡಿ. ಶಿಕ್ಷಕರಿಗೂ ಧೈರ್ಯ ಕೊಡಿ. ಬಾರದ ಮಗುವನ್ನು ಬಂದಿಲ್ಲ ಅಂತ ಬರೆದ ಶಿಕ್ಷಕರಿಗೆ ನೋಟಿಸ್ ಕೊಟ್ಟರೆ, ಮುಂದಿನ ತಿಂಗಳಿಂದ ಎಲ್ಲ ಮಕ್ಕಳೂ ಪುಸ್ತಕದಲ್ಲಿ ಹಾಜರಾಗುತ್ತಾರೆ. ಕೋವಿಡ್ ನಂತರ ಹೈಕೋರ್ಟ್ ಸೂಚನೆಯ ಮೇರೆಗೆ ಮನೆ ಮನೆ ಸಮೀಕ್ಷೆ ನಡೆದಾಗ ಬಾಗಿಲು ತಟ್ಟಿದವರಲ್ಲಿ ಪಂಚಾಯತಿ ಸಿಬ್ಬಂದಿ ಇದ್ದರು. ಆ ಕೆಲಸ ಪಂಚಾಯತಿಗೆ ಹೊಸದಲ್ಲ. ಅಂದು ತೆಗೆದ ಪಟ್ಟಿಯನ್ನು ಅಲ್ಲಿಗೇ ಬಿಡದೆ ವರ್ಷ ವರ್ಷ ತಿದ್ದಿ ಇಟ್ಟುಕೊಳ್ಳುವುದಷ್ಟೇ ಬೇಕಾಗಿದ್ದು.

ನಾನು ಕೇಳುವ ಮೊದಲ ಹೆಜ್ಜೆ ಒಂದೇ. ನಿಮ್ಮ ಮುಂದಿನ ಸಾಮಾನ್ಯ ಸಭೆಯ ನೋಟಿಸಿನಲ್ಲಿ ಒಂದು ವಿಷಯ ಸೇರಿಸಿ: ಶಾಲೆಗೆ ಬಾರದ ಮಕ್ಕಳು. ನಿಮ್ಮ ವ್ಯಾಪ್ತಿಯ ಎಲ್ಲ ಶಾಲೆಗಳ ಮುಖ್ಯ ಶಿಕ್ಷಕರಿಗೆ ಪತ್ರ ಬರೆದು, ಮೇಲೆ ಹೇಳಿದ ಎರಡು ಪಟ್ಟಿ ತರಲು ಹೇಳಿ. ಖಾಸಗಿ ಶಾಲೆಗಳಿಗೂ ಬರೆಯಿರಿ. ಪಟ್ಟಿ ಬಂದ ದಿನ ಬಿಲ್ಲು, ಕಾಮಗಾರಿಗಿಂತ ಮೊದಲು ಅದನ್ನು ತೆಗೆದುಕೊಳ್ಳಿ, ಕೊನೆಗೆ ಇಟ್ಟರೆ ಹೊತ್ತಾಯಿತು ಅಂತ ಮುಂದೆ ಹೋಗುತ್ತದೆ. ಪ್ರತಿ ಹೆಸರಿನ ಮುಂದೆ ಯಾವ ಸದಸ್ಯರು ಯಾವತ್ತು ಆ ಮನೆಗೆ ಹೋಗುತ್ತಾರೆ ಅಂತ ಬರೆದುಕೊಳ್ಳಿ. ಅದರ ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆದು ನೋಡಿ.

ಪಟ್ಟಿ ನೋಡುವಾಗ, ಮನೆಗಳಿಗೆ ಹೋಗುವಾಗ ಜೊತೆಗೆ ಬರಲು ನಮ್ಮಂಥ ನಿವೃತ್ತ ಶಿಕ್ಷಕರು ಪ್ರತಿ ಊರಲ್ಲೂ ಇದ್ದೇವೆ. ನಮಗೆ ಭತ್ಯೆ ಬೇಡ. ಒಂದು ಫೋನ್ ಮಾಡಿ, ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕಿ